ಸವೆಯದ ಚೆಂಡುಗಳು

ಡ್ರಿಲ್ ಮೇಷ್ಟರ ಕೊರಳ ದಾರಕ್ಕೆ ಕತ್ತರಿ ಹಾಕಲು ಬಗ್ಗಿದ್ದ ತಮ್ಮನ ಮಣಿಕಟ್ಟನ್ನು ಅಕ್ಕ, ಮೇಷ್ಟರ ಹೆಂಡತಿ, ಗಟ್ಟಿಯಾಗಿ ಹಿಡಿದಳು.

"ಅದನ್ನ ಮುಟ್ಟಬೇಡ."

"ಮೈ ತೊಳೆದಾಯ್ತು, ಒಗೆದ ಬಟ್ಟೆ ಹಾಕಾಯ್ತು. ಈ ಕೊಳಕು ದಾರ ಯಾಕಕ್ಕಾ? ಸೀಟಿ ಬೇಕಿದ್ರೆ ಬಿಚ್ಚಿ ಗೋಡೆಗೆ ನೇತುಹಾಕೋಣ."

"ಸೀಟಿ ಅವರ ಜೊತೆಗೇ ಹೋಗಲಿ. ಕೀಲಿಕೈಯೂ ಹೋಗಲಿ."

ತಮ್ಮ ಹತ್ತಿರದಿಂದ ನೋಡಿದ. ಸೀಟಿಯ ಪಕ್ಕ ಅದೇ ದಾರಕ್ಕೆ ಒಂದು ಉದ್ದನೆಯ ಕೀಲಿಕೈ ಕಟ್ಟಿತ್ತು. ಅವನು ನೀರಿನ ಕಚೇರಿಯಲ್ಲಿ ಗುಮಾಸ್ತ. ಸರ್ಕಾರ ಎಂಬ ಮಾತು ಕಿವಿಗೆ ಬಿದ್ದರೆ ಕೂತಲ್ಲೇ ಬೆವರುವವನು.

"ಶಾಲೆಯ ಆಟದ ಕೋಣೇದಲ್ವಾ ಇದು? ನಾಳೆ ಸಾಮಾನೆಲ್ಲ ಸಾಗಿಸ್ತಾರೆ ಅಂತ ಹೆಡ್‌ಮಾಸ್ಟರು ಆಗಲೇ ಹೊರಗೆ ಕೂತಿದಾರೆ."

"ಅದಕ್ಕೇ ಹೇಳಿದ್ದು." ಅಕ್ಕ ಬಾಗಿಲು ಮುಂದೆ ಮಾಡಿದಳು. "ಆ ಕೋಣೆಯ ಡಬ್ಬಗಳಲ್ಲಿ ಹೊಸ ಚೆಂಡು ಒಂದೂ ಇಲ್ಲ. ಹರಕು ಚೆಂಡಿಗೆ ಚಿಂದಿ ತುಂಬಿ ಅಂಟು ಹಾಕಿಟ್ಟಿದೀವಿ."

"ಇಟ್ಟಿದೀವಿ ಅಂದ್ರೆ?"

"ಅವರೂ ನಾನೂ. ಅಂಟು ಕಾಯಿಸಿದ್ದು ನಾನೇ."

"ಹೊಸವೆಲ್ಲ ಎಲ್ಲಿ ಹೋದ್ವು?"

"ಸವೆದು ಹೋದ್ವು. ಮಕ್ಕಳು ಆಡಿದ್ರು. ಇನ್ಯಾರು ಆಡ್ತಾರೆ, ನಿನ್ನ ಸಾಹೇಬ್ರಾ?" ಅವಳು ದಾರವನ್ನು ಅಂಗಿಯ ಕಾಲರಿನೊಳಗೆ ತಳ್ಳಿದಳು. "ಒಂದು ಡಬ್ಬ ಬಿಚ್ಚಿದ್ರೂ ಸಾಕು, ಇವರು ಕಳ್ಳ ಅಂತ ಬರೀತಾರೆ. ಸತ್ತವರು ಬಂದು ಅಲ್ಲ ಅಂತ ಹೇಳ್ತಾರಾ? ಹಾಗೆ ಅನ್ನಿಸಿಕೊಳ್ಳೋಕೆ ನಾನು ಬಿಡಲ್ಲ."

*

ಮೇಷ್ಟರು ಕೆಲಸಕ್ಕೆ ಸೇರಿದ ವರ್ಷ ಸರ್ಕಾರ ಶಾಲೆಗೆ ಫುಟ್‌ಬಾಲುಗಳನ್ನು ಕಳಿಸಿತ್ತು. ಅವರು ಅವತ್ತೇ ಡಬ್ಬ ಹರಿದು, ಗಾಳಿ ತುಂಬಿ, ಮೈದಾನದ ನಡುವಿಗೆ ಒದ್ದರು. ಚೆಂಡು ಕೊಟ್ಟಿರುವುದು ಒದೆಯಲಿಕ್ಕೆ ಎಂದು ನಂಬುವಷ್ಟು ಚಿಕ್ಕ ವಯಸ್ಸು.

ವರ್ಷದ ಕೊನೆಗೆ ತಪಾಸಣೆಗೆ ಬಂದ ಅಧಿಕಾರಿ ಚೆಂಡನ್ನು ಎರಡು ಬೆರಳಲ್ಲಿ ಎತ್ತಿ ಸತ್ತ ಇಲಿಯನ್ನು ನೋಡಿದ ಹಾಗೆ ನೋಡಿದ.

"ಏನ್ರೀ ಇದು?"

"ಚೆಂಡು ಸಾರ್."

"ಅದು ಗೊತ್ತು. ಇದಕ್ಕೇನಾಗಿದೆ?"

"ಆಡಿದೀವಿ ಸಾರ್."

"ಆಡೋಕೆ ಯಾರು ಹೇಳಿದ್ರು? ಸರ್ಕಾರಿ ಆಸ್ತಿ ಇದು. ಬಂದ ಹಾಗೇ ಇರಬೇಕು. ಚೆನ್ನಾಗಿಟ್ಟುಕೊಂಡ ಶಾಲೆಗೆ ಮುಂದಿನ ವರ್ಷ ಹೊಸದು ಬರುತ್ತೆ. ಹಾಳುಮಾಡಿದ ಶಾಲೆಗೆ ಯಾಕೆ ಕೊಡಬೇಕು?"

ನಿಯಮ ನಿಜಕ್ಕೂ ಹಾಗೇ ಇತ್ತು. ಚೆಂಡು ಮುಟ್ಟದ ಶಾಲೆಗೆ ಮತ್ತಷ್ಟು ಚೆಂಡು, ಆಡಿದ ಶಾಲೆಗೆ ಶೂನ್ಯ. ಇದನ್ನು ಯೋಚಿಸಿ, ಟೈಪು ಮಾಡಿಸಿ, ಸಹಿ ಹಾಕಿ ಊರೂರಿಗೆ ಕಳಿಸಿದವರು ಸಂಬಳ ತೆಗೆದುಕೊಳ್ಳುವ ಮನುಷ್ಯರೇ. ಮೇಷ್ಟರಿಗೆ ಬಂದ ನೋಟಿಸಿನಲ್ಲಿ ಆರೋಪ ಒಂದೇ ಸಾಲು: ಚೆಂಡುಗಳು ನೆಲಕ್ಕೆ ತಾಗಿರುವುದು ಕಂಡುಬಂದಿದೆ.

ಆಮೇಲೆ ಎರಡು ವರ್ಷ ಮಕ್ಕಳು ಚಿಂದಿಯ ಉಂಡೆ ಒದ್ದರು. ಮೇಷ್ಟರು ಮೈದಾನದ ಕಲ್ಲಿನ ಮೇಲೆ ಕೂತು ನೋಡಿದರು. ಮನೆಗೆ ಬಂದರೆ ಮಾತಿಲ್ಲ. ಮೊದಲಾದರೆ ಊಟದ ತಟ್ಟೆಯ ಸುತ್ತ ಲೋಟಗಳನ್ನಿಟ್ಟು, ಯಾರು ಯಾರಿಗೆ ಪಾಸು ಕೊಟ್ಟರು, ಗೋಲು ಹೇಗೆ ತಪ್ಪಿತು ಎಂದು ಅನ್ನ ಆರುವ ತನಕ ತೋರಿಸುತ್ತಿದ್ದವರು. ಲೋಟ ಚೆಲ್ಲಿದಾಗೆಲ್ಲ ಬೈಯುತ್ತಿದ್ದ ಹೆಂಡತಿಗೆ ಈ ಮೌನ ಆ ಗಲಾಟೆಗಿಂತ ಕಷ್ಟವಾಯಿತು.

*

ಹೊರಗೆ ಅಂಗಳದಲ್ಲಿ ಹಳೆಯ ಶಿಷ್ಯರು ನೆರೆದಿದ್ದರು. ಮೇಷ್ಟರ ಅಂಗಿ ಇಸ್ತ್ರಿ ಮಾಡಿ ತಂದವಳನ್ನು ಈಗಲೂ ಎಲ್ಲರೂ ಜಿಂಕೆ ಎಂದೇ ಕರೆಯುತ್ತಿದ್ದರು. ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಅವಳ ಕಾಲುಗಳು ಊದಿದ್ದವು. ಪಕ್ಕದಲ್ಲಿ ಬಡಗಿ, ಆ ಕಾಲದ ಗೋಲ್‌ಕೀಪರ್.

"ಓಡು ಜಿಂಕೆ ಓಡು ಅಂತ ಮೇಷ್ಟ್ರು ಕೂಗ್ತಿದ್ರಲ್ಲ, ಈಗ ನೋಡಿದ್ರೆ ಆನೆ ಅಂತಿದ್ರು," ಎಂದ ಬಡಗಿ.

"ನೀನು ಕಾಯ್ತಿದ್ದ ಗೋಲಿನೊಳಗೆ ಒಂದು ಲಾರಿ ಆರಾಮಾಗಿ ಹೋಗ್ತಿತ್ತು. ಸುಮ್ನಿರು."

ಇಬ್ಬರೂ ನಗಲು ಹೋಗಿ ಕಣ್ಣೊರೆಸಿಕೊಂಡರು.

ಜೀಪು ಬಂದು ನಿಂತಿತು. ಕ್ರೀಡಾ ಇಲಾಖೆಯ ಸಾಹೇಬರು ಇಳಿದರು. ಅವರ ಹಿಂದೆ ಹೂವಿನ ಚಕ್ರ ಹಿಡಿದ ಜವಾನ, ಅವನ ಹಿಂದೆ ಫೋಟೋದವನು. ಹೊಟ್ಟೆ ನೋಡಿದರೆ ಸಾಹೇಬರು ಜನ್ಮದಲ್ಲಿ ಬಸ್ಸು ಹಿಡಿಯಲೂ ಓಡಿದವರಲ್ಲ. ಹೆಡ್‌ಮಾಸ್ಟರು ಎದ್ದು ಓಡಿಹೋಗಿ ಸ್ವಾಗತಿಸಿದರು. ಸಾವಿನ ಮನೆ ಎಂಬುದನ್ನು ಮರೆತು ಹಲ್ಲು ಬಿಟ್ಟರು.

ಹೆಣವನ್ನು ಹೊರಗೆ ತಂದು ಮಲಗಿಸಿದ್ದರು. ಸಾಹೇಬರು ಹೂವಿನ ಚಕ್ರ ಇಟ್ಟು, ಫೋಟೋ ಆಗುವವರೆಗೆ ಬಗ್ಗಿಯೇ ಇದ್ದು, ಆಮೇಲೆ ಗಂಟಲು ಸರಿಮಾಡಿಕೊಂಡರು.

"ಇಂಥ ನಿಷ್ಠಾವಂತ ಶಿಕ್ಷಕರು ಸಿಗೋದು ಅಪರೂಪ. ಇವರ ಸೇವೆ ಉದ್ದಕ್ಕೂ ಒಂದೇ ಒಂದು ಚೆಂಡು ಸವೆದಿಲ್ಲ. ಪ್ರತಿ ತಪಾಸಣೆಯಲ್ಲೂ ಡಬ್ಬಗಳು ಹೊಚ್ಚ ಹೊಸದಾಗಿದ್ವು. ಇಡೀ ವಿಭಾಗಕ್ಕೇ ಇವರು ಮಾದರಿ."

ಬಡಗಿಗೆ ಕೆಮ್ಮು ಬಂತು. ಜಿಂಕೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಂಗಳದ ಉದ್ದಕ್ಕೂ ಹೆಗಲುಗಳು ಅಲುಗಾಡಿದವು. ಸಾಹೇಬರು ಜನ ಅಳುತ್ತಿದ್ದಾರೆ ಎಂದುಕೊಂಡು ದನಿಯನ್ನು ಇನ್ನಷ್ಟು ಭಾರ ಮಾಡಿದರು.

"ಈಗ ನಮ್ಮ ಹೊಸ ಯೋಜನೆ, 'ಮಗುವಿಗೊಂದು ಚೆಂಡು'. ಎಲ್ಲಾ ಶಾಲೆಗಳ ಚೆಂಡನ್ನ ಒಂದು ಕಡೆ ತಂದು ದೊಡ್ಡ ಗೋದಾಮಿನಲ್ಲಿ ಭದ್ರವಾಗಿಡ್ತೀವಿ. ಅಲ್ಲಿ ಒಂದೊಂದೂ ಬಿಚ್ಚಿ ಪರೀಕ್ಷೆ ಮಾಡ್ತೀವಿ."

"ಮಗುವಿಗೆ ಕೊಡೋದು ಯಾವಾಗ ಸಾರ್?" ಎಂದಳು ಜಿಂಕೆ.

"ಅದು ಎರಡನೇ ಹಂತ."

*

ಚಿಂದಿಯ ಉಂಡೆ ಒದ್ದ ಎರಡು ವರ್ಷ ಕಳೆದ ಮೇಲೆ ಒಂದು ದಿನ ಮೇಷ್ಟರು ಹರಕು ಚೆಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು ಅಡುಗೆಮನೆಯಲ್ಲಿ ಸುರಿದರು. ಹಳೇ ಡಬ್ಬಗಳೂ ಜೊತೆಗಿದ್ದವು.

"ಸ್ವಲ್ಪ ಮೈದಾ ಅಂಟು ಕಾಯಿಸ್ತೀಯಾ?"

"ಯಾಕೆ?"

ಹೇಳಿದರು. ಅವಳು ಸೌಟು ಕೆಳಗಿಟ್ಟಳು.

"ಇದು ಕಳ್ಳತನ ಅಲ್ವಾ?"

"ಕಳ್ಳ ಆದೋನು ಮನೆಗೆ ತರ್ತಾನೆ ಕಣೇ. ನಾನು ಮೈದಾನಕ್ಕೆ ಹಾಕ್ತೀನಿ. ತಪಾಸಣೆಯವನು ಡಬ್ಬ ಬಿಚ್ಚಲ್ಲ, ಬಿಚ್ಚಿದ್ರೆ ಬಳಸಿದ ಹಾಗಂತೆ. ಹೊರಗಿಂದ ನೋಡ್ತಾನೆ, ಚಹಾ ಕುಡೀತಾನೆ, ಹೋಗ್ತಾನೆ. ಇದು ಹೊಸದಾಗಿ ಕಂಡ್ರೆ ಹೊಸದು ಬರುತ್ತೆ."

ಅವಳು ಒಲೆ ಹಚ್ಚಿದಳು. ಮೇಷ್ಟರು ಅಂಟಿಸಿದ ಮೊದಲ ಡಬ್ಬ ನೋಡಿ ಕಿತ್ತುಕೊಂಡಳು.

"ಕುರುಡನಿಗೂ ಗೊತ್ತಾಗುತ್ತೆ ಇದು. ಕೊಡಿ ಇಲ್ಲಿ."

ಆ ವರ್ಷ ಶಾಲೆಗೆ ಉತ್ತಮ ನಿರ್ವಹಣೆಯ ಪ್ರಶಸ್ತಿ ಬಂತು, ಜೊತೆಗೆ ಹೊಸ ಚೆಂಡುಗಳು ಬಂದವು. ಹೊಸ ಚೆಂಡಿನ ಮೊದಲ ಪಂದ್ಯಕ್ಕೆ ಮೇಷ್ಟರು ಹೆಂಡತಿಯನ್ನೂ ಎಳೆದುಕೊಂಡು ಹೋದರು. ಜಿಂಕೆ ಇಡೀ ಮೈದಾನ ಸೀಳಿಕೊಂಡು ಓಡಿದಾಗ, ಆಟದ ಗಂಧವೇ ಗೊತ್ತಿಲ್ಲದ ಆಕೆ ಕಲ್ಲಿನ ಮೇಲೆ ನಿಂತು ಕಿರುಚಿದಳು. ಮಾರನೇ ದಿನ ಗಂಟಲು ಕಟ್ಟಿತ್ತು. ತರಕಾರಿಯವನ ಹತ್ತಿರ ಚೌಕಾಸಿಯನ್ನೂ ಕೈಸನ್ನೆಯಲ್ಲೇ ಮಾಡಬೇಕಾಯಿತು. ಅವತ್ತು ರಾತ್ರಿ ಲೋಟಗಳನ್ನು ಜೋಡಿಸಿದವಳು ಅವಳೇ.

*

ಹೆಣ ಎತ್ತುವ ಹೊತ್ತಿಗೆ ಹೆಡ್‌ಮಾಸ್ಟರು ಹತ್ತಿರ ಬಂದರು.

"ಅಮ್ಮಾ, ಈಗ ಕೇಳಬಾರದು. ಆದ್ರೂ ಆ ಕೀಲಿಕೈ..."

"ಅವರ ಕೊರಳಲ್ಲಿದೆ. ತಗೊಳ್ಳಿ."

ತಮ್ಮನ ಮುಖ ಬಿಳಚಿಕೊಂಡಿತು. ಹೆಡ್‌ಮಾಸ್ಟರು ಕೈ ಮುಂದೆ ಮಾಡಿದರು. ಕೈ ಕಾಲರಿನ ತನಕ ಹೋಯಿತು. ಅಂಗಳವೆಲ್ಲ ನೋಡುತ್ತಿತ್ತು.

"ಒಂದು ಮಾತು ಸಾಹೇಬ್ರೇ," ಎಂದಳು ಅವಳು ಇಲಾಖೆಯವರ ಕಡೆ ತಿರುಗಿ. "ಚಾರ್ಜು ಕೊಡೋರೂ ತಗೊಳ್ಳೋರೂ ಇಬ್ಬರೂ ಸಹಿ ಹಾಕಬೇಕು ಅಂತ ಇವರು ಹೇಳ್ತಿದ್ರು. ಇವರ ಸಹಿ ಈಗ ಹೆಂಗೆ ಹಾಕಿಸ್ತೀರಿ?"

ಸಾಹೇಬರು ಹುಬ್ಬು ಗಂಟಿಕ್ಕಿದರು. ಹೆಣದ ಮುಂದೆ ಬರದ ಚಿಂತೆ ನಿಯಮದ ಮಾತು ಬಂದಾಗ ಅವರ ಮುಖದಲ್ಲಿ ಬಂತು.

"ಹೌದು, ಇಬ್ಬರದೂ ಬೇಕು. ಒಬ್ಬರದೇ ಆದ್ರೆ ಒಳಗಿರೋದಕ್ಕೆಲ್ಲ ತಗೊಂಡವರೇ ಜವಾಬ್ದಾರರು. ಹೆಚ್ಚು ಕಮ್ಮಿ ಆದ್ರೆ ಅವರ ಮೇಲೇ ಬರುತ್ತೆ."

ಹೆಡ್‌ಮಾಸ್ಟರ ಕೈ ಕೆಂಡ ತಾಗಿದ ಹಾಗೆ ಹಿಂದಕ್ಕೆ ಬಂತು.

"ನನಗ್ಯಾಕೆ ಸಾರ್? ನೀವೇ ತಗೊಂಡ್ರೆ..."

"ನಾನ್ಯಾಕ್ರೀ ತಗೊಳ್ಳಲಿ?"

"ಬೀಗ ಒಡೆಸೋಣ ಸಾರ್."

"ಸರ್ಕಾರಿ ಬೀಗ ಒಡೆಯೋಕೆ ಮೇಲಿಂದ ಆದೇಶ ಬೇಕು. ಅದು ಇವತ್ತು ನಾಳೆ ಬರೋದಲ್ಲ. ಬರೋ ತನಕ ಮೊಹರು ಹಾಕಿ. ಯಾರೂ ಮುಟ್ಟಬಾರದು."

"ಸಾಹೇಬ್ರು ಹೊರಟ್ರೆ ನಾವು ಮೇಷ್ಟ್ರನ್ನ ಮಣ್ಣು ಮಾಡಬಹುದಾ?" ಎಂದ ಬಡಗಿ ಯಾರನ್ನೂ ನೋಡದೆ. "ಅಥವಾ ಅದಕ್ಕೂ ಆದೇಶ ಬರಬೇಕಾ?"

ಮೇಷ್ಟರು ಸೀಟಿ, ಕೀಲಿಕೈ ಎರಡೂ ಸಮೇತ ಮಣ್ಣಿಗೆ ಹೋದರು. ಮೊದಲ ಹಿಡಿ ಮಣ್ಣು ಹಾಕಿದ ತಮ್ಮ ಅಕ್ಕನ ಮುಖ ನೋಡಿದ. ಅವಳು ಬೆಳಗಿನಿಂದ ಮೊದಲ ಸಲ ಜೋರಾಗಿ ಅತ್ತಳು.

ವಾಪಸು ಬರುವ ದಾರಿ ಶಾಲೆಯ ಮೈದಾನವನ್ನು ದಾಟಿ ಹೋಗುತ್ತಿತ್ತು. ಮೂಲೆಯಲ್ಲಿ, ಆಟದ ಕೋಣೆಯ ಬಾಗಿಲಿಗೆ ಜವಾನ ಅರಗು ಕರಗಿಸಿ ಮೊಹರು ಹಾಕುತ್ತಿದ್ದ. ಸಾಹೇಬರೂ ಹೆಡ್‌ಮಾಸ್ಟರೂ ಸೊಂಟದ ಮೇಲೆ ಕೈಯಿಟ್ಟು ಆ ಮಹಾಕಾರ್ಯವನ್ನು ನೋಡುತ್ತಿದ್ದರು.

ಜಿಂಕೆ ಕೈಚೀಲದಿಂದ ಒಂದು ಚೆಂಡು ತೆಗೆದಳು. ಮೇಷ್ಟರು ಕಳೆದ ವಾರ ಹೊಲಿಗೆ ಹಾಕಿಸಲು ಕೊಟ್ಟಿದ್ದು. ಬಡಗಿ ಚಪ್ಪಲಿ ಬಿಚ್ಚಿ ಎರಡು ಕಡೆ ಇಟ್ಟು ನಡುವೆ ನಿಂತ. ಅವಳು ಸೆರಗು ಸಿಕ್ಕಿಸಿ ಊದಿದ ಕಾಲಲ್ಲೇ ಒದ್ದಳು. ಚೆಂಡು ಬಡಗಿಯನ್ನೂ ಅವನ ಚಪ್ಪಲಿಗಳನ್ನೂ ದಾಟಿ ಉರುಳಿ ಸಾಹೇಬರ ಬೂಟಿಗೆ ತಾಗಿ ನಿಂತಿತು.

ಸಾಹೇಬರು ಅದನ್ನು ಎರಡು ಬೆರಳಲ್ಲಿ ಎತ್ತಿದರು. ಒಂದು ಬದಿಯಲ್ಲಿ ಇಲಾಖೆಯ ಮುದ್ರೆ ಇದ್ದ ಜಾಗ ನೆಲಕ್ಕೆ ಉಜ್ಜಿ ಉಜ್ಜಿ ಬೋಳಾಗಿತ್ತು.

"ಯಾರದಿದು?"

"ನಮ್ಮದು. ಕೊಡಿ," ಎಂದು ಮೇಷ್ಟರ ಹೆಂಡತಿ ಎರಡೂ ಕೈ ಚಾಚಿದಳು.

ಅವರು ಕೊಟ್ಟು ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಅವಳು ಜಿಂಕೆ ಒದ್ದ ಜಾಗಕ್ಕೆ ವಾಪಸು ಬಂದು ಚೆಂಡನ್ನು ನೆಲಕ್ಕಿಟ್ಟಳು. ಇಷ್ಟು ವರ್ಷ ಅದೆಷ್ಟೋ ಚೆಂಡುಗಳಿಗೆ ಚಿಂದಿ ತುಂಬಿದವಳು ಒಂದನ್ನೂ ಒದ್ದಿರಲಿಲ್ಲ. ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಎರಡು ಹೆಜ್ಜೆ ಹಿಂದೆ ಹೋಗಿ, ಒದ್ದಳು. ಚೆಂಡು ಬಡಗಿಯ ಕಡೆಗೆ ಮೆಲ್ಲಗೆ ಉರುಳಿತು. ಕಾಲಿನ ಚಪ್ಪಲಿ ಮಾತ್ರ ಎತ್ತರಕ್ಕೆ ಹಾರಿ, ಸಾಹೇಬರ ತಲೆಯ ಮೇಲಿಂದ ಹೋಗಿ, ಇನ್ನೂ ಆರದ ಅರಗಿಗೆ ಬಡಿದು ಅಲ್ಲೇ ಅಂಟಿಕೊಂಡಿತು.