ಎರಡು ಪ್ಯಾರಾಗಳ ನಡುವೆ ಅತ್ತೆ

ಕಟ್ಟಡದ ಮಾಲೀಕರ ಆಫೀಸಿನಲ್ಲಿ ಮ್ಯಾನೇಜರಿಗೆ ನೋಟಿಸು ಚೆಂದ ಕಾಣಬೇಕಿತ್ತು. ಕಟ್ಟಡ ಕೆಡವುತ್ತೇವೆ, ಮನೆ ಖಾಲಿ ಮಾಡಿ ಎನ್ನುವ ಕಾಗದಕ್ಕೆ ಅದೇ ಕಟ್ಟಡದ ಫೋಟೊ ವಾಟರ್‌ಮಾರ್ಕ್ ಆಗಿ ಹಿಂದೆ ಮಸುಕಾಗಿ ಬರಬೇಕಂತೆ. ಹೆಣಕ್ಕೆ ಶೃಂಗಾರ ಮಾಡಿದ ಹಾಗೆ, ಎಂದುಕೊಂಡಳು ಟೈಪಿಸ್ಟ್. ಆ ಕಟ್ಟಡದ ಮೇಲಿನ ಮಹಡಿಯಲ್ಲೇ ಅವಳ ಮನೆ. ವಿಷಯ ಗೊತ್ತಾಗಿ ವಾರವಾದರೂ ಅತ್ತೆಗೆ ಹೇಳಿರಲಿಲ್ಲ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಗಂಡನಂತೂ, "ಅಮ್ಮ ನಿನ್ ಮಾತಾದ್ರೆ ಕೇಳ್ತಾಳೆ, ನೀನೇ ಹೇಳು" ಎಂದು ಕೈ ತೊಳೆದುಕೊಂಡಿದ್ದ.

"ಸ್ವಲ್ಪ ಮೇಲೆ. ಅಯ್ಯೋ, ಅಷ್ಟಲ್ಲ! ಬಾಗಿಲು ಕಾಣ್ಬೇಕಮ್ಮಾ," ಎಂದರು ಬೆನ್ನ ಹಿಂದೆ ನಿಂತ ಮ್ಯಾನೇಜರ್.

ವಾಟರ್‌ಮಾರ್ಕ್ ಸುಮ್ಮನೆ ಕ್ಲಿಕ್ ಮಾಡಿದರೆ ಕೈಗೆ ಸಿಗುವುದಿಲ್ಲ. ಪ್ರತಿ ಸಲವೂ ಪುಟದ ನೆತ್ತಿಯ ಹೆಡರ್ ತೆರೆದು, ಚಿತ್ರವನ್ನು ಹಿಡಿದು ಸರಿಸಿ, ಮುಚ್ಚಿ ನೋಡಬೇಕು. ಬೆಳಗಿನಿಂದ ಇದೇ ಆಗಿ ಅವಳ ಹೆಗಲು ಬಿದ್ದುಹೋಗಿತ್ತು. ಪುಟವನ್ನು ದೊಡ್ಡದು ಮಾಡಿದಾಗ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕಂಡಳು. ಒಂದು ಕೈ ಸೊಂಟದ ಮೇಲೆ, ಅತ್ತೆಯೇ! "ತೆರವುಗೊಳಿಸತಕ್ಕದ್ದು" ಎನ್ನುವ ಪದ ಸರಿಯಾಗಿ ಅವರ ಮುಖದ ಮೇಲೆ ಕೂತಿತ್ತು.

ಮ್ಯಾನೇಜರ್ ಫೋನು ಹಿಡಿದು ಹೊರಗೆ ಹೋದಾಗ ಚಿತ್ರವನ್ನು ಎಳ್ಳಷ್ಟು ಕೆಳಗಿಳಿಸಿದಳು. ಅತ್ತೆ ಎರಡು ಪ್ಯಾರಾಗಳ ನಡುವಿನ ಖಾಲಿ ಜಾಗಕ್ಕೆ ಬಂದರು. ತಿರುಗಿ ಬಂದ ಮ್ಯಾನೇಜರ್, "ಹಾಂ, ಈಗ ಸರಿಹೋಯ್ತು ನೋಡಿ. ನಾನು ಹೇಳ್ಲಿಲ್ವಾ?" ಎಂದರು.

ಸಂಜೆ ತನ್ನ ಮನೆಯ ನೋಟಿಸನ್ನು ತಾನೇ ಹೊತ್ತುಕೊಂಡು ಮೆಟ್ಟಿಲು ಹತ್ತಿದಳು. ಅತ್ತೆ ಕನ್ನಡಕವಿಲ್ಲದೆ ಕಾಗದವನ್ನು ದೂರ ಹಿಡಿದು ನೋಡಿದರು.

"ಅರೆ, ನಮ್ಮನೆ! ಇದು ನಾನಲ್ವೇನೇ? ಮೈಮೇಲೆ ಒಂದಕ್ಷರನೂ ಬಿದ್ದಿಲ್ಲ. ಗೋಡೆಗೆ ಅಂಟಿಸೋಣ."

"ಯಾವ ಗೋಡೆಗೆ, ಅತ್ತೆ?" ಅವಳು ಕಾಗದದ ಸಾಲಿನ ಮೇಲೆ ಬೆರಳಿಟ್ಟಳು. "ಕಟ್ಟಡ ಕೆಡವ್ತಾರಂತೆ. ನಾವು ಹೋಗ್ಬೇಕು. ಅದನ್ನೇ ಬರ್ದಿರೋದು, ನಾನೇ ಟೈಪ್ ಮಾಡ್ದೆ."

ಅತ್ತೆ ಚಿತ್ರದಿಂದ ಕಣ್ಣು ತೆಗೆಯಲಿಲ್ಲ. "ನನ್ನನ್ನ ಇಲ್ಲಿ ಇಟ್ಟೋಳೂ ನೀನೇನಾ?"

"ಹೂಂ."

"ಯಾವಾಗಿಂದ ಗೊತ್ತು?"

"ಒಂದ್ ವಾರ ಆಯ್ತು."

"ಅದಕ್ಕೇ ಊಟ ಸೇರ್ತಿರ್ಲಿಲ್ಲ." ಅತ್ತೆ ನೋಟಿಸನ್ನು ಮಡಚಿಟ್ಟು, ಸೊಸೆಯ ಹೆಗಲಿನಿಂದ ಚೀಲ ಇಳಿಸಿಕೊಂಡರು. "ಕೂತ್ಕೋ ಮೊದ್ಲು. ಒಬ್ಳೇ ಎಷ್ಟಂತ ಹೊರ್ತೀಯ?"