ಕಚೇರಿಯ ನಕಲು

ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ಯಾರಾಚೂಟಿನ ರೇಷ್ಮೆ ಕೇಳುವವರಿಲ್ಲದೆ ಮಳವಳ್ಳಿಯ ಕಂಪನಿಯೊಂದು ಬಾಗಿಲು ಹಾಕಿತು. ಅಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದ ಹುಚ್ಚೀರಯ್ಯ ಕೆಲಸ ಹುಡುಕಿಕೊಂಡು ಮಂಡ್ಯದವರೆಗೂ ಅಲೆದ. ಎಲ್ಲರೂ ಅವನ ನರೆತ ತಲೆ ನೋಡಿ, 'ಆಮೇಲೆ ಬನ್ನಿ' ಎಂದರು. ಆ ಆಮೇಲೆ ಯಾವ ತಿಂಗಳಲ್ಲಿ ಬರುತ್ತದೋ, ಹೇಳಿದವರಿಗೂ ಗೊತ್ತಿರಲಿಲ್ಲ! ಕಡೆಗೆ ಮದ್ದೂರಿನ ಅಂಚೆ ಕಚೇರಿಯ ಮುಂದೆ, ಹೊಂಗೆ ಮರದಡಿ ಚಾಪೆ ಹಾಸಿ, ಓದುಬರಹ ಬಾರದವರಿಗೆ ಕಾಗದ ಬರೆದುಕೊಡಲು ಕೂತ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಎಲ್ಲಿ ಕೂತರೂ ಯಾಕೆಂದು ಕೇಳುವವರಿರಲಿಲ್ಲ.

ಮೊದಲು ಬಂದವಳು ಬೆಸಗರಹಳ್ಳಿಯ ಮುದುಕಿ ಬೀರಮ್ಮ. ಅವಳ ಮಗ ದೂರದ ಬ್ಲಫ್‌ನಲ್ಲಿ, ಕರೆಂಟು ತಯಾರಿಸುವ ಕೇಂದ್ರದಲ್ಲಿ ಕೆಲಸಕ್ಕಿದ್ದ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದ ಹುಚ್ಚೀರಯ್ಯ, ಇನ್ನೊಂದು ಹಾಳೆ ತೆಗೆದು ಅದನ್ನೇ ತಿರುಗಿ ಬರೆದ.

"ಅದ್ಯಾಕಪ್ಪ ಇನ್ನೊಂದು?"

"ಇದು ಕಚೇರಿ ನಕಲು ಕಣವ್ವ. ಕಳ್ಸೋ ಕಾಗ್ದಕ್ಕೆಲ್ಲ ಒಂದೊಂದು ನಕಲು ಕಡತದಲ್ಲಿರ್ಬೇಕು."

"ಯಾವ್ ಕಚೇರಿ?"

ಹುಚ್ಚೀರಯ್ಯ ನಕಲನ್ನು ನಾಲ್ಕಾಗಿ ಮಡಿಚಿದ.

ಬೀರಮ್ಮ ಅವನ ಮುಖವನ್ನೇ ನೋಡಿದಳು. "ಓಗ್ಲಿ ಬುಡು. ಬರ್ದಿದ್ದು ಬರ್ದಾಯ್ತು, ನೀನೇ ಮಡಿಕ್ಕೊ," ಎಂದು ತನ್ನ ಕಾಗದ ಹಿಡಿದು ಅಂಚೆ ಡಬ್ಬಿಯತ್ತ ನಡೆದಳು.

ಸಂಜೆಯವರೆಗೂ ಮತ್ತಾರೂ ಬರಲಿಲ್ಲ. ಚಾಪೆ ಸುತ್ತುವ ಮುಂಚೆ ಹುಚ್ಚೀರಯ್ಯ ನಕಲನ್ನು ಬಿಡಿಸಿ ಓದಿದ.

'ಮಗ, ಒತ್ತೊತ್ತಿಗೆ ಉಣ್ತಾ ಇದ್ದೀಯಾ? ನಿಂದೇ ಗ್ಯಾನ ಕಣಪ್ಪ ನಂಗೆ.'

ಇನ್ನೊಮ್ಮೆ ಓದಿದ. ಆಮೇಲೆ, ಬಂದ ಕಾಗದಗಳಿಗೆ ಕಂಪನಿಯ ಕಚೇರಿಯಲ್ಲಿ ಮಾಡುತ್ತಿದ್ದಂತೆ, ಮೂಲೆಯಲ್ಲಿ 'ತಲುಪಿದೆ' ಎಂದು ಬರೆದು ರುಜು ಹಾಕಿದ.