ಡಿಕ್ಕಿಯ ಮೇಲೆ ಎರಡು ಏಟು

ಪರದೇಶದಲ್ಲಿ ನನ್ನ ಹೆಂಡತಿಯನ್ನು ಯಾರೂ ಎತ್ತಿಕೊಂಡು ಹೋಗಲಿಲ್ಲ. ನಾನೇ ಕೈಯಾರೆ ಕಳಿಸಿಕೊಟ್ಟೆ.

ನಾನು ಇಪ್ಪತ್ತೊಂಬತ್ತು ವರ್ಷದಿಂದ ಬಸ್ ಕಂಡಕ್ಟರ್. ಅವಳು ಆಸ್ಪತ್ರೆಯಲ್ಲಿ ನರ್ಸು. ನನ್ನ ಡ್ಯೂಟಿ ಮುಗಿಯುವ ಹೊತ್ತಿಗೆ ಅವಳದು ಶುರು. ಮನೆಯ ಮೆಟ್ಟಿಲ ಮೇಲೆ ಎದುರುಬದುರಾಗಿ, ಒಬ್ಬರ ಕೈಯಿಂದ ಇನ್ನೊಬ್ಬರು ಬೀಗದ ಕೈ ತೆಗೆದುಕೊಂಡು ಸಂಸಾರ ಮಾಡಿದವರು ನಾವು. ಇಬ್ಬರಿಗೂ ಒಟ್ಟಿಗೆ ಒಂಬತ್ತು ದಿನ ರಜೆ ಸಿಕ್ಕಿದ್ದು ಇದೇ ಮೊದಲು. ಪ್ರವಾಸದ ಏಜೆನ್ಸಿಯಲ್ಲಿ ಕೆಲಸ ಮಾಡುವ ನನ್ನ ಬಾಮೈದ ಹಟ ಹಿಡಿದು ಟಿಕೆಟು ಮಾಡಿಸಿದ್ದ. ಹೊರಡುವ ಮುನ್ನ ಒಂದೇ ಮಾತನ್ನು ಹತ್ತು ಸಲ ಹೇಳಿದ್ದ.

"ಭಾವಾ, ಕರೆಯೋನ ಕಾರು ಮಾತ್ರ ಹತ್ತಬೇಡಿ. ಸ್ಟ್ಯಾಂಡಲ್ಲಿ ನಿಂತಿರೋ ಟ್ಯಾಕ್ಸಿಗೇ ಹೋಗಿ. ಬಾಗಿಲ ಮೇಲೆ ನಂಬರು, ಒಳಗೆ ಡ್ರೈವರ್ ಫೋಟೋ ಇರೋ ಲೈಸೆನ್ಸು, ಮೀಟರು. ಮೂರೂ ಇದ್ರೇನೇ ಕೂತ್ಕೊಳ್ಳಿ."

"ಲೋ, ಬಸ್‌ಸ್ಟ್ಯಾಂಡಲ್ಲೇ ಮೀಸೆ ಬಂದೋನು ನಾನು. ನನಗೇ ಗಾಡಿ ಹತ್ತೋದು ಹೇಳ್ಕೊಡ್ತೀಯಾ?" ಎಂದಿದ್ದೆ.

ವಿಮಾನ ಇಳಿದಾಗ ಬೆಳಗಿನ ಆರೂವರೆ. ಹೊರಗೆ ಮಂಜು. ಅಂಥ ಮಂಜನ್ನು ನಾನು ಕಂಡಿರಲಿಲ್ಲ. ದೀಪದ ಕಂಬಗಳು ಸೊಂಟದವರೆಗೆ ಮಾತ್ರ ಇದ್ದವು, ದೀಪಗಳು ಮೇಲೆಲ್ಲೋ ಬೇರೆಯಾಗಿ ತೇಲುತ್ತಿದ್ದವು. ವಿಮಾನದಲ್ಲಿ ಕಟ್ಟಿದ ಕಿವಿ ಬಿಟ್ಟಿರಲಿಲ್ಲ. ಪೆಟ್ಟಿಗೆ ಎಳೆಯುವವರು, ಅಪ್ಪಿಕೊಳ್ಳುವವರು, ಕೂಗುವವರು ಎಲ್ಲರೂ ನೀರಿನಡಿಯಲ್ಲಿ ಓಡಾಡುತ್ತಿದ್ದಂತೆ ಕಂಡಿತು. ನಿದ್ದೆಗೆಟ್ಟ ತಲೆ, ಕೇಳದ ಕಿವಿ. ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡೆ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕಬ್ಬಿಣದ ಕಂಬಿಗಳ ನಡುವೆ ಹಾವಿನಂತೆ ಸುತ್ತಿದ ಸಾಲು. ಕೆನೆಬಣ್ಣದ ಟ್ಯಾಕ್ಸಿಗಳು ಒಂದೊಂದಾಗಿ ಮಂಜಿನಿಂದ ಹೊರಬಂದು, ಜನರನ್ನು ತುಂಬಿಕೊಂಡು, ಮತ್ತೆ ಮಂಜಿನೊಳಗೆ ಹೋಗುತ್ತಿದ್ದವು. ಪ್ರತಿ ಬಾಗಿಲ ಮೇಲೂ ಗೇಣುದ್ದದ ಅಂಕಿ. ಕಿತ್ತಳೆ ಜಾಕೀಟಿನ ಮುದುಕನೊಬ್ಬ ಬಾಗಿಲು ತೆಗೆದು ಒಬ್ಬೊಬ್ಬರನ್ನೇ ಕೂರಿಸುತ್ತಿದ್ದ. ಅವನೇ ಅಲ್ಲಿನ ಮೇಸ್ತ್ರಿ. ನಮ್ಮ ಮುಂದೆ ಐವತ್ತು ಜನ.

ನನಗೆ ಕಾಯುವುದೆಂದರೆ ಆಗದು. ಜನರನ್ನು ಕಾಯಿಸಿದವನು ನಾನು, ಕಾದವನಲ್ಲ.

ಆಗ ಬೂದುಬಣ್ಣದ ಕೋಟಿನ, ಕಡ್ಡಿಯಂಥ ಒಬ್ಬ ಮನುಷ್ಯ ಪಕ್ಕದಲ್ಲಿ ಬಂದು ನಿಂತ. ಮಾತಾಡಲಿಲ್ಲ. ನಕ್ಕು, ಕಾರಿನ ಕೀಲಿ ಎತ್ತಿ ಆಡಿಸಿದ. ಸ್ವಲ್ಪ ದೂರದಲ್ಲಿ ಅವನ ಕಪ್ಪು ಕಾರು. ನಾನು ಹೋಗಿ ಟೈರು ನೋಡಿದೆ. ಬಗ್ಗಿ ಕೈಯಾಡಿಸಿಯೂ ನೋಡಿದೆ.

"ಬಾರೇ, ಇದೇ ಸರಿ."

"ಬಾಗಿಲ ಮೇಲೆ ನಂಬರಿಲ್ಲ," ಎಂದಳು.

"ಟೈರು ನೋಡು, ಹೊಸದು. ಸೀಟು ನೋಡು, ಮದುವೆ ಹೆಣ್ಣಿನ ಥರ ಇಟ್ಟಿದಾನೆ. ಗಾಡಿ ಇಟ್ಕೊಂಡಿರೋದ್ರಲ್ಲೇ ಡ್ರೈವರ್ ಎಂಥೋನು ಅಂತ ಗೊತ್ತಾಗುತ್ತೆ."

"ಒಳಗೆ ಫೋಟೋನೂ ಇಲ್ಲ."

"ಮುಖಾನೇ ಎದುರಿಗಿದೆಯಲ್ಲ, ಫೋಟೋ ಕಟ್ಕೊಂಡು ಏನ್ಮಾಡ್ತೀಯ?"

"ರೀ, ಚೀಟಿ ಇಲ್ಲದ ಬಾಟ್ಲಿ ರಕ್ತ ನಾನು ಇವತ್ತಿನವರೆಗೆ ಯಾರಿಗೂ ಹಾಕಿಲ್ಲ."

"ಇದು ನಿನ್ನ ವಾರ್ಡಲ್ಲ. ನಡಿ ಸುಮ್ನೆ!"

ನಾನು ಗದರಿದ್ದಕ್ಕೆ ಸಾಲಿನವರೆಲ್ಲ ತಿರುಗಿ ನೋಡಿದರು. ಅವಳು ತುಟಿ ಬಿಗಿಹಿಡಿದು ಕಾರು ಹತ್ತಿದಳು. ನನ್ನ ಪೆಟ್ಟಿಗೆಯನ್ನು ಅವನು ಡಿಕ್ಕಿಗೆ ಹಾಕಿದ. ಅವಳು ತನ್ನ ಚೀಲವನ್ನು ಕೊಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಳು.

ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇತ್ತು. ಎರಡು ತಿರುವು ದಾಟಿದ ಮೇಲೆ ಕಾರು ಒಂದು ಸಂದಿಗೆ ನುಗ್ಗಿತು. ಎದುರಿಗೆ ಸಾಮಾನು ಇಳಿಸುತ್ತಿದ್ದ ಲಾರಿ ದಾರಿ ಕಟ್ಟಿ ನಿಂತಿತ್ತು. ಅವನು ನಾಲಿಗೆ ಲೊಚಗುಟ್ಟಿ ರಿವರ್ಸ್ ಗೇರು ಹಾಕಿದ. ಹಾಕಿದ್ದೇ ತಡ, ನನ್ನ ಕೈ ಬಾಗಿಲು ತೆಗೆಯಿತು, ಕಾಲು ಕೆಳಗಿಳಿಯಿತು. ಗಾಡಿ ಹಿಂದಕ್ಕೆ ಬರುವಾಗ ಕಂಡಕ್ಟರ್ ಒಳಗೆ ಕೂತಿರಬಾರದು. ಅದು ನನಗೆ ಉಸಿರಾಟದ ಹಾಗೆ.

"ಬರ್ಲಿ, ಬರ್ಲಿ, ಬರ್ಲಿ! ಎಡಕ್ಕೆ ಹೊಡೀ... ಬರ್ಲೀ..."

ಅವನಿಗೆ ಮಾತು ತಿಳಿಯದಿದ್ದರೂ ಕೈ ತಿಳಿಯಿತು. ಮಂಜಿನಲ್ಲಿ ಎರಡು ಕೆಂಪು ದೀಪಗಳು ನನ್ನ ಕಡೆಗೆ ಮೆಲ್ಲಗೆ ಬಂದವು. ಗೋಡೆಗೆ ನಾಲ್ಕು ಬೆರಳು ಉಳಿಸಿ ಕಾರನ್ನು ದೊಡ್ಡ ರಸ್ತೆಗೆ ತಂದು ತಿರುಗಿಸಿದೆ. ಹೆಮ್ಮೆಯಾಯಿತು. ಡಿಕ್ಕಿಯ ಮೇಲೆ ಅಂಗೈಯಿಂದ ಎರಡು ಏಟು ಹಾಕಿದೆ.

"ರೈಟ್, ರೈಟ್!"

ಹಾಗೆ ತಟ್ಟಿದ ಮೇಲೆ ನಾಲ್ಕು ಹೆಜ್ಜೆ ಓಡಿ ಫುಟ್‌ಬೋರ್ಡಿಗೆ ಹಾರುವುದು ನನ್ನ ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ. ಹಾಗೇ ಓಡಿದೆ. ಹಿಡಿಯಲು ಕೈ ಚಾಚಿದೆ. ಕಾರಿಗೆ ಫುಟ್‌ಬೋರ್ಡ್ ಎಲ್ಲಿಂದ ಬರಬೇಕು? ಹಿಂದಿನ ಗಾಜಿನಲ್ಲಿ ನನ್ನವಳ ಮುಖ ತಿರುಗಿದ್ದು ಕಂಡಿತು. ಬಾಯಿ ತೆರೆದಿತ್ತು. ಆಮೇಲೆ ಗಾಜು ಬೆಳ್ಳಗಾಯಿತು. ಕೆಂಪು ದೀಪಗಳು ಎರಡಿದ್ದದ್ದು ಒಂದಾಗಿ, ಆ ಒಂದೂ ಆರಿಹೋಯಿತು.

"ಏಯ್! ಹೋಲ್ಡಾನ್! ಹೋಲ್ಡಾನ್!"

ಎಷ್ಟು ದೂರ ಓಡಿದೆನೋ. ಮುಚ್ಚಿದ ಅಂಗಡಿಗಳ ಗಾಜಿನೊಳಗೆ ಹೊಸ ಬಟ್ಟೆ ತೊಟ್ಟ ಗೊಂಬೆಗಳು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದವು. ಒಬ್ಬ ಪೈಪು ಹಿಡಿದು ಫುಟ್‌ಪಾತ್ ತೊಳೆಯುತ್ತಿದ್ದ. ನಾನು ಬಂದಾಗ ನೀರನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ. ನೀಲಿ ಸ್ವೆಟರಿನ ಹೆಂಗಸು ಕಂಡಲ್ಲೆಲ್ಲ ನನ್ನವಳೇ ಎಂದು ಹೋದೆ. ಹತ್ತಿರ ಹೋದಂತೆ ಅವರಿಗೆಲ್ಲ ಬೇರೆ ಬೇರೆ ಮುಖ ಬರುತ್ತಿತ್ತು. ಬಾಗಿಲುಗಳೆಲ್ಲ ಒಂದೇ ಥರ, ಮೆಟ್ಟಿಲುಗಳೆಲ್ಲ ಒಂದೇ ಥರ. ಯಾವುದೋ ಮೆಟ್ಟಿಲ ಮೇಲೆ ಬೀಗದ ಕೈ ಹಿಡಿದು ಅವಳು ನಿಂತಿರುತ್ತಾಳೆ ಅನ್ನಿಸಿ ಒಂದೊಂದನ್ನೇ ನೋಡುತ್ತ ನಡೆದೆ.

ಅವಳ ಫೋನಿಗೆ ಆ ಊರಿನ ಸಿಮ್ ಇರಲಿಲ್ಲ. ನನ್ನದರಿಂದ ಬಾಮೈದನಿಗೆ ಮಾಡಿದೆ. ನಡೆದದ್ದು ಹೇಳಿದೆ.

"ಕಾರಿನ ನಂಬರೇನು ಭಾವಾ?"

ನಲವತ್ತೆಂಟು ಸೀಟಿನಲ್ಲಿ ಯಾರು ಯಾವ ಸ್ಟಾಪಿಗೆ ಟಿಕೆಟು ತೆಗೆದಿದ್ದಾರೆಂದು ನೆನಪಿಡುವವನು ನಾನು. ಆ ಕಾರಿನ ಒಂದೇ ಒಂದು ಅಂಕಿಯೂ ತಲೆಯಲ್ಲಿರಲಿಲ್ಲ. ಟೈರಿನ ಕಂಪನಿ ನೆನಪಿತ್ತು.

ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಅಕ್ಕ ಒಬ್ಳೇನಾ?" ಎಂದಷ್ಟೇ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು. "ಟ್ಯಾಕ್ಸಿ ಸ್ಟ್ಯಾಂಡಿಗೇ ವಾಪಸ್ ಹೋಗಿ ಭಾವಾ. ಅಲ್ಲಿರೋರು ಪರವಾನಗಿ ಇರೋ ಜನ, ಅವರನ್ನೇ ಕೇಳಿ."

ದಾರಿಯಲ್ಲಿ ಏದುಸಿರು ಬಿಡುತ್ತಿದ್ದಾಗ ಕಿವಿ ಫಟ್ಟನೆ ಬಿಟ್ಟಿತು. ಊರಿನ ಸದ್ದೆಲ್ಲ ಒಮ್ಮೆಲೇ ಒಳಗೆ ನುಗ್ಗಿತು. ಅದರಲ್ಲಿ ಅವಳ ದನಿಯೊಂದನ್ನು ಬಿಟ್ಟು ಎಲ್ಲವೂ ಇತ್ತು.

ಸಾಲನ್ನು ಸೀಳಿಕೊಂಡು ಹೋಗಿ ಮೇಸ್ತ್ರಿಯ ಜಾಕೀಟು ಹಿಡಿದೆ. ನಾನು ಕೂಗಿದ್ದು ಅವನಿಗೆ ತಿಳಿಯಲಿಲ್ಲ. ಜೇಬಿನಿಂದ ಫೋನು ತೆಗೆದು ನನ್ನ ಬಾಯಿಯ ಮುಂದೆ ಹಿಡಿದ. ನಾನು ಹೇಳಿದ್ದನ್ನು ಅದು ಅವನ ಮಾತಿಗೆ ತಿರುಗಿಸಿತು. ಅವನು ಹೇಳಿದ್ದನ್ನು ನಮ್ಮ ಮಾತಿಗೆ ತಂದು, ರೇಡಿಯೋದ ಹೆಂಗಸಿನ ದನಿಯಲ್ಲಿ ಓದಿತು.

"ಮಹನೀಯರೇ, ವಾಹನದ ಸಂಖ್ಯೆ ಏನು?"

"ಗೊತ್ತಿಲ್ಲ."

"ಚಾಲಕನ ಹೆಸರು ಏನು?"

"ಗೊತ್ತಿಲ್ಲ ಕಣಯ್ಯಾ!"

ಮೇಸ್ತ್ರಿ ಪಕ್ಕದ ಟ್ಯಾಕ್ಸಿಯ ಬಾಗಿಲ ಮೇಲಿನ ಅಂಕಿಯನ್ನು ಬೆರಳಿನಿಂದ ತಟ್ಟಿ ಏನೋ ಹೇಳಿದ. "ಇವುಗಳಲ್ಲಿ ಒಂದಾಗಿದ್ದರೆ ಅದು ಎಲ್ಲಿದೆ ಎಂದು ನಾನು ಈಗಲೇ ಹೇಳುತ್ತಿದ್ದೆ," ಎಂದಿತು ಫೋನು. ನಾನು ತಲೆ ತಗ್ಗಿಸಿದೆ. ಅವನು ನನ್ನ ಹೆಗಲು ಅದುಮಿ ಕೂರಿಸಿ, ಅವಳ ಗುರುತು ಕೇಳಿದ. ನೀಲಿ ಸ್ವೆಟರು, ಅರ್ಧ ನೆರೆತ ತಲೆ, ತೊಡೆಯ ಮೇಲೆ ಚೀಲ. ಇನ್ನೇನು ಹೇಳಲಿ? ಎಡಗಾಲನ್ನು ಸ್ವಲ್ಪ ಎಳೆಯುತ್ತಾಳೆ, ವಾರ್ಡಿನಲ್ಲಿ ನಿಂತು ನಿಂತು. ಅದನ್ನೂ ಹೇಳಿದೆ.

ಅವನು ವೈರ್‌ಲೆಸ್ ಡಬ್ಬಿಯ ಮೈಕು ಬಾಯಿಗಿಟ್ಟು ಮಾತಾಡಿದ. ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸಾಲಿನಲ್ಲಿದ್ದ ಒಂದೊಂದು ಟ್ಯಾಕ್ಸಿಯೊಳಗಿಂದಲೂ ಅವನದೇ ದನಿ ಕೇಳಿಸಿತು. ಮಂಜಿನಿಂದ ಬರುತ್ತಿದ್ದ ಟ್ಯಾಕ್ಸಿ ಅದೇ ಮಾತನ್ನು ಹೊತ್ತು ಬಂತು, ಹೋಗುತ್ತಿದ್ದದ್ದು ಹೊತ್ತು ಹೋಯಿತು. ನನ್ನವಳ ಸ್ವೆಟರು, ನನ್ನವಳ ತಲೆಗೂದಲು, ನನ್ನವಳ ಎಡಗಾಲು, ನನಗೆ ತಿಳಿಯದ ಮಾತಿನಲ್ಲಿ ಆ ಊರಿನ ಬೀದಿಬೀದಿಯಲ್ಲೂ ಓಡಾಡುತ್ತಿತ್ತು. ಬೆಂಚಿನ ಮೇಲೆ ಕೂತು ಕೇಳುತ್ತ ನಾನು ಯಾರ ಕನಸಿನಲ್ಲಿದ್ದೇನೆ ಎಂಬುದೇ ಮರೆತುಹೋಯಿತು.

ಎಷ್ಟೋ ಹೊತ್ತಿನ ಮೇಲೆ ಆ ವೈರ್‌ಲೆಸ್ ಡಬ್ಬಿಯಿಂದ ಒಂದು ಹೆಣ್ಣುದನಿ ಉತ್ತರ ಕೊಟ್ಟಿತು. ಮೇಸ್ತ್ರಿ ಕೇಳಿದ, ಹುಬ್ಬೇರಿಸಿದ, ಮತ್ತೆ ಕೇಳಿದ. ಆಮೇಲೆ ಫೋನು ನನ್ನ ಮುಂದೆ ಹಿಡಿದ.

"ನಿಮ್ಮ ಪತ್ನಿ ಕ್ಷೇಮ. ಅವರು ನಮ್ಮ ಟ್ಯಾಕ್ಸಿಯಲ್ಲಿ ಬಂದು ಸೇತುವೆಯ ಮೇಲೆ ನೀರು ನೋಡುತ್ತಿದ್ದಾರೆ. ಈಗಲೇ ಬರುವುದಿಲ್ಲ ಎನ್ನುತ್ತಾರೆ."

"ಏನಂದೆ? ಇನ್ನೊಂದ್ಸಲ ಹೇಳು!"

ಇನ್ನೊಂದು ಸಲವೂ ಅದನ್ನೇ ಹೇಳಿತು.

ಮೇಸ್ತ್ರಿ ಸಾಲಿನವರನ್ನು ಬೇಡಿಕೊಳ್ಳುವ ಹಾಗೆ ಏನೋ ಹೇಳಿ, ಮುಂದಿನ ಟ್ಯಾಕ್ಸಿಗೆ ನನ್ನನ್ನು ಹತ್ತಿಸಿದ. ಬಾಗಿಲ ಅಂಕಿ ಓದಿದೆ. ಫೋಟೋ ನೋಡಿದೆ, ಡ್ರೈವರಿನ ಮುಖ ನೋಡಿದೆ, ಮತ್ತೆ ಫೋಟೋ ನೋಡಿದೆ. ಪಾಪ, ಅವನೂ ಮುಖ ಕೊಟ್ಟು ಕೂತ.

ಸೇತುವೆಯ ನಡುಮಧ್ಯೆ ಕೆನೆಬಣ್ಣದ ಟ್ಯಾಕ್ಸಿಗೆ ಒರಗಿ, ಅಗಲ ಭುಜದ ಹೆಂಗಸೊಬ್ಬಳು ಸೇಬು ಕಚ್ಚುತ್ತಿದ್ದಳು. ಅವಳೇ ಡ್ರೈವರ್. ಕಂಬಿ ಹಿಡಿದು ನಿಂತಿದ್ದ ನನ್ನವಳು ತಿರುಗಿ ನೋಡಿದಳು. ನೋಡಿ ಮತ್ತೆ ನೀರಿನ ಕಡೆ ತಿರುಗಿದಳು. ಸಿಟ್ಟು ನೆತ್ತಿಗೇರಿತು.

"ನಾನಲ್ಲಿ ಸತ್ತೇಹೋಗಿದ್ದೆ ಕಣೇ! ನೀನಿಲ್ಲಿ ನೀರು ನೋಡ್ತಾ ನಿಂತಿದೀಯಾ?"

"ಸತ್ತೋರನ್ನ ನಾನು ಬೇಕಾದಷ್ಟು ನೋಡಿದೀನಿ. ಒಬ್ರೂ ಇಷ್ಟು ಜೋರಾಗಿ ಕಿರುಚಲಿಲ್ಲ."

ಡ್ರೈವರ್ ಹೆಂಗಸು ಸೇಬು ಕಚ್ಚುವುದನ್ನು ನಿಲ್ಲಿಸಿದಳು. ನಾನು ದನಿ ತಗ್ಗಿಸಿದೆ. "ಅವನೇನಾದ್ರೂ..."

"ಏನೂ ಮಾಡ್ಲಿಲ್ಲ. ಬಾಗಿಲು ಲಾಕ್ ಮಾಡ್ಕೊಂಡು, ಫೋನಲ್ಲಿ ಮಾತಾಡ್ತಾ ಹೋಗ್ತಾನೇ ಇದ್ದ. ಹೋಟ್ಲಿನ ಚೀಟಿ ತೋರಿಸಿದ್ರೆ ತಲೆ ಆಡಿಸೋದು, ಬೇರೆ ದಾರಿ ಹಿಡಿಯೋದು. ನಿಲ್ಸು ಅಂದೆ, ನಿಲ್ಲಿಸ್ಲಿಲ್ಲ. ಆಮೇಲೆ ವಾಂತಿ ಬರೋ ಹಾಗೆ ಓಕರಿಸಿದೆ."

"ನಿಜವಾಗ್ಲೂ ಬಂತಾ?"

"ಇಪ್ಪತ್ತಾರು ವರ್ಷ ಆ ಸದ್ದು ಕೇಳಿದೀನಿ, ಮಾಡೋಕೆ ಬರಲ್ವಾ? ನೀವು ಹೊಗಳಿದ್ರಲ್ಲ ಆ ಸೀಟು, ಅದು ಕೆಡುತ್ತೆ ಅಂತ ಅವನೇ ಓಡಿಬಂದು ಬಾಗಿಲು ತೆಗೆದ. ಇಳಿದವಳೇ ಎದುರಿಗೆ ಕಂಡ ಈ ಟ್ಯಾಕ್ಸಿಗೆ ಕೈ ಅಡ್ಡ ಹಾಕಿದೆ. ನಂಬರು, ಫೋಟೋ, ಮೀಟರು ಮೂರೂ ನೋಡೇ ಹತ್ತಿದ್ದು. ನಿಮ್ಮ ಪೆಟ್ಟಿಗೆ ಅವನ ಜೊತೆ ಹೋಯ್ತು."

"ನನ್ನ ಶರ್ಟು ಆ ಕಡ್ಡಿಯಂಥೋನಿಗೆ ಸರಿಹೋಗಲ್ಲ."

"ಅವನಂಥೋರು ಮೂರು ಜನ ಹಿಡಿಸ್ತಾರೆ ಅದ್ರಲ್ಲಿ."

ನಾನು ನಗಹೊರಟೆ. ಆಗ ಕಂಬಿಯ ಮೇಲಿದ್ದ ಅವಳ ಕೈ ಕಂಡಿತು. ಸೂಜಿ ಚುಚ್ಚಲು ಎಂಥ ರೋಗಿಯ ಸಣ್ಣ ನರವನ್ನೂ ಒಂದೇ ಸಲಕ್ಕೆ ಹಿಡಿಯುವ ಕೈ ಅದು. ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರೂ ನಡುಗುತ್ತಿತ್ತು.

"ನೇರ ನಿಮ್ಮ ಹತ್ರ ಬಂದಿದ್ರೆ, ಮುಂದಿನ ವಿಮಾನ ಹತ್ತಿ ಊರಿಗೆ ಹೋಗೋಣ ಅಂತಿದ್ದೆ," ಎಂದಳು. "ಒಬ್ಳೇ ಹೋಗ್ತೀನಿ ಅಂತಲೂ ಅಂದ್ಬಿಡ್ತಿದ್ನೇನೋ. ಅದಕ್ಕೇ ಇಲ್ಲಿ ನಿಲ್ಲಿಸು ಅಂದೆ. ಕೈ ನಿಂತ ಮೇಲೆ ಬರೋಣ ಅಂತ."

ಏನು ಹೇಳಬೇಕೋ ಅದು ನನ್ನ ಗಂಟಲಲ್ಲಿ ಮದುವೆಯಾದಾಗಿನಿಂದ ಒಮ್ಮೆಯೂ ಹೊರಬರದೆ ಕೂತಿದ್ದ ಮಾತು. ಕೊನೆಗೂ ಹೇಳಿದೆ.

"ತಪ್ಪು ನಂದೇ. ನೀನು ಹೇಳಿದ್ದು ಕೇಳ್ಬೇಕಿತ್ತು. ಹೋಗೋಣ ಅಂದ್ರೆ ಈಗ್ಲೇ ಹೋಗೋಣ."

ಅವಳು ಕಂಬಿಯಾಚೆ ಬಗ್ಗಿ ನೋಡಿದಳು. ಕೆಳಗೆ ಮಂಜು ಅಲ್ಲಲ್ಲಿ ಹರಿದು ನೀರು ಕಾಣತೊಡಗಿತ್ತು. ಒಂದು ಉದ್ದನೆಯ ದೋಣಿ ಸದ್ದಿಲ್ಲದೆ ಬಂದು, ನಮ್ಮ ಕಾಲಿನ ಕೆಳಗೇ ಸೇತುವೆಯಡಿಗೆ ನುಗ್ಗಿತು. ಅದರ ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು.

"ಬನ್ನಿ, ಆ ಕಡೆ ಹೇಗೆ ಬರುತ್ತೋ ನೋಡೋಣ," ಎಂದು ನನ್ನ ತೋಳು ಹಿಡಿದಳು.

ಡ್ರೈವರ್ ಹೆಂಗಸು ರಸ್ತೆಯ ನಡುವೆ ಬಂದು ಕೈಚಾಚಿ ಗಾಡಿಗಳನ್ನು ತಡೆದಳು. ನಾವಿಬ್ಬರೂ ದಾಟಿ ಆಚೆಯ ಕಂಬಿಗೆ ಒರಗಿ ನಿಂತೆವು. ಅವಳ ಎಡಗಾಲು ನೋಯದಿರಲೆಂದು ಚೀಲ ನಾನು ತೆಗೆದುಕೊಂಡೆ. ದೋಣಿ ಹೊರಬರಲು ಬಹಳ ಹೊತ್ತು ಹಿಡಿಯಿತು. ಕಾದೆ.